ಗರ್ಭಿಣಿಗೆ ಕೋವಿಡ್ ಲಸಿಕೆ: ಎರಡು ಅಪಾಯಗಳನ್ನು ಜೊತೆಗಿಟ್ಟು ನೋಡುವ ಬಗೆ

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಅಭಿಯಾನ ಆರಂಭವಾದಾಗ ಗರ್ಭಿಣಿಯರನ್ನೂ ಹಾಲುಣಿಸುವ ತಾಯಂದಿರನ್ನೂ ಪಟ್ಟಿಯಿಂದ ಹೊರಗಿಡಲಾಗಿತ್ತು. ಮೇ 19ರಂದು ಹಾಲುಣಿಸುವ ತಾಯಂದಿರಿಗೆ ಅನುಮತಿ ಸಿಕ್ಕಿತು. ಜುಲೈ 2ರಂದು ಕೇಂದ್ರ ಆರೋಗ್ಯ ಸಚಿವಾಲಯ ಗರ್ಭಿಣಿಯರೂ ಲಸಿಕೆ ಪಡೆಯಬಹುದು ಎಂದು ಪ್ರಕಟಿಸಿತು. ಐದೂವರೆ ತಿಂಗಳ ಹಿಂದೆ ಯಾವ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಬೇಡ ಎನ್ನಲಾಗಿತ್ತೋ ಅವನ್ನೇ ಈಗ ಹಾಕಿಸಿಕೊಳ್ಳಿ ಎನ್ನಲಾಯಿತು. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೆ ತಾಯಿ ಕಾರ್ಡ್ ಹಿಡಿದು ತಿಂಗಳ ತಪಾಸಣೆಗೆ ಬರುವ ಹೆಂಗಸಿಗೆ ಇದು ಗೊಂದಲ ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ. ಲಸಿಕೆ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದು ಏನು?

ಈ ಪ್ರಶ್ನೆ ಹಳೆಯದಾಗಿ ಹೋಗಿಲ್ಲ. 2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿ ತನ್ನ ಲಸಿಕೆಯಿಂದ (ನಮ್ಮಲ್ಲಿ ಅದೇ ಕೋವಿಶೀಲ್ಡ್) ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು ಬ್ರಿಟನ್ನಿನ ನ್ಯಾಯಾಲಯದ ದಾಖಲೆಯಲ್ಲಿ ಒಪ್ಪಿಕೊಂಡ ಸುದ್ದಿ ಬಂತು. ಬಸುರಿಯಾಗಿದ್ದಾಗ ಕೋವಿಶೀಲ್ಡ್ ಹಾಕಿಸಿಕೊಂಡ ಎಷ್ಟೋ ತಾಯಂದಿರು ಆಗ ಮತ್ತೆ ಹೆದರಿದರು. 2025ರ ಮೇ ತಿಂಗಳಲ್ಲಿ ಅಮೆರಿಕದ ಆರೋಗ್ಯ ಸಚಿವರು ಆರೋಗ್ಯವಂತ ಗರ್ಭಿಣಿಯರಿಗೆ ಈ ಲಸಿಕೆಯನ್ನು ಇನ್ನು ಶಿಫಾರಸು ಮಾಡುವುದಿಲ್ಲ ಎಂದರು. ಅಲ್ಲಿನ ಪ್ರಸೂತಿ ತಜ್ಞರ ಸಂಘ ಅದನ್ನು ಒಪ್ಪದೆ, ತನ್ನ ಶಿಫಾರಸನ್ನು ಮುಂದುವರಿಸಿತು. ಮಗಳು ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಂಗಳೂರಿನ ಮನೆಗಳಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ಪ್ರಶ್ನೆ ಮತ್ತೆ ಏಳುತ್ತದೆ. ಅದಕ್ಕೆ ಉತ್ತರ ಹುಡುಕುವ ಬಗೆಯನ್ನು ಒಂದೊಂದಾಗಿ ನೋಡೋಣ.

ಮೊದಲು ಹೊರಗಿಟ್ಟದ್ದೇಕೆ?

ಹೊಸ ಔಷಧಿಯ ಪ್ರಯೋಗದಲ್ಲಿ ಗರ್ಭಿಣಿಯರನ್ನು ಸೇರಿಸಿಕೊಳ್ಳದಿರುವುದು ವೈದ್ಯಲೋಕದ ಹಳೆಯ ಪದ್ಧತಿ. ಅದರ ಹಿಂದೆ ಒಂದು ದುರಂತವಿದೆ. 1950ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಬಸುರಿಯರ ವಾಂತಿ, ಓಕರಿಕೆಗೆ ಧಾರಾಳವಾಗಿ ಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಸಾವಿರಾರು ಶಿಶುಗಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಗರ್ಭಿಣಿಯ ಮೇಲೆ ಏನನ್ನೂ ಪ್ರಯೋಗಿಸಬಾರದು ಎಂಬ ಎಚ್ಚರ ಅಲ್ಲಿಂದ ಬಲವಾಯಿತು.

ಆ ಎಚ್ಚರ ಒಳ್ಳೆಯದೇ. ಆದರೆ ಅದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಪ್ರಯೋಗದಲ್ಲಿ ಗರ್ಭಿಣಿಯರು ಇಲ್ಲದಿದ್ದರೆ, ಔಷಧಿ ಮಾರುಕಟ್ಟೆಗೆ ಬಂದ ದಿನ ಅವರ ಬಗ್ಗೆ ಹೇಳಲು ಯಾರ ಬಳಿಯೂ ಮಾಹಿತಿ ಇರುವುದಿಲ್ಲ. 2021ರ ಜನವರಿಯಲ್ಲಿ ಆದದ್ದು ಅದೇ. ಸರ್ಕಾರ ಹೇಳಿದ್ದು ‘ಗರ್ಭಿಣಿಯರಲ್ಲಿ ಇದನ್ನು ಪರೀಕ್ಷಿಸಿಲ್ಲ’ ಎಂದು. ಜನ ಕೇಳಿಸಿಕೊಂಡದ್ದು ‘ಇದು ಗರ್ಭಿಣಿಯರಿಗೆ ಅಪಾಯ’ ಎಂದು. ಇವೆರಡೂ ಬೇರೆ ಬೇರೆ ಮಾತುಗಳು. ಪುರಾವೆ ಇಲ್ಲದಿರುವುದು ಒಂದು, ಕೆಡುಕಿಗೆ ಪುರಾವೆ ಇರುವುದು ಇನ್ನೊಂದು. ಮುಂದಿನ ತಿಂಗಳುಗಳಲ್ಲಿ ಬದಲಾದದ್ದು ಈ ಮಾಹಿತಿಯ ಪ್ರಮಾಣ. ಅಮೆರಿಕ, ಬ್ರಿಟನ್, ಇಸ್ರೇಲ್‌ಗಳಲ್ಲಿ ದಾದಿಯರು, ವೈದ್ಯೆಯರು ಸೇರಿದಂತೆ ಅನೇಕ ಗರ್ಭಿಣಿಯರು ತಾವಾಗಿಯೇ ಮುಂದೆ ಬಂದು ಲಸಿಕೆ ಪಡೆದಿದ್ದರು. ಅಮೆರಿಕದಲ್ಲಿ ಹೀಗೆ ಹೆಸರು ನೋಂದಾಯಿಸಿದ 35,691 ಮಂದಿಯ ಆರಂಭಿಕ ವರದಿ 2021ರ ಏಪ್ರಿಲ್‌ನಲ್ಲಿ ಹೊರಬಂತು. ಅದರಲ್ಲಿ ಆತಂಕಪಡುವಂಥ ಸೂಚನೆ ಕಾಣಲಿಲ್ಲ.

ಲಸಿಕೆಯೊಳಗೆ ಇರುವುದೇನು?

ಗರ್ಭಿಣಿಯರಿಗೆ ಲಸಿಕೆ ಕೊಡುವುದು ನಮ್ಮಲ್ಲಿ ಹೊಸ ಸಂಗತಿಯೇನಲ್ಲ. ‘ಟಿಟಿ ಇಂಜೆಕ್ಷನ್’ ಎಂದು ಎಲ್ಲರೂ ಕರೆಯುವ ಧನುರ್ವಾಯುವಿನ ಲಸಿಕೆಯನ್ನು ನಮ್ಮ ತಾಯಂದಿರ ಕಾಲದಿಂದಲೂ ಬಸುರಿಯರಿಗೆ ಚುಚ್ಚುತ್ತಿದ್ದಾರೆ. ಈಗ ಅದಕ್ಕೆ ಗಂಟಲಮಾರಿಯ ಲಸಿಕೆಯನ್ನೂ ಸೇರಿಸಿ ಕೊಡುತ್ತಾರೆ. ಬಾಣಂತಿಯರನ್ನೂ ಎಳೆಗೂಸುಗಳನ್ನೂ ಕೊಲ್ಲುತ್ತಿದ್ದ ಧನುರ್ವಾಯು ಭಾರತದಲ್ಲಿ ನಿವಾರಣೆಯ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ದೃಢಪಟ್ಟಿತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಈ ಚುಚ್ಚುಮದ್ದೂ ಒಂದು.

ಹಾಗೆಂದು ಎಲ್ಲ ಲಸಿಕೆಗಳನ್ನೂ ಗರ್ಭಿಣಿಗೆ ಕೊಡುವುದಿಲ್ಲ. ಲಸಿಕೆಗಳಲ್ಲಿ ಜೀವಂತ ರೋಗಾಣುವನ್ನು ದುರ್ಬಲಗೊಳಿಸಿ ಬಳಸುವ ಒಂದು ಬಗೆ ಇದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ಅಭಿಯಾನವಾಗಿ ಕೊಟ್ಟ ದಡಾರ–ರುಬೆಲ್ಲಾ ಲಸಿಕೆ ಆ ಜಾತಿಯದು. ಅದರೊಳಗಿನ ವೈರಾಣು ದುರ್ಬಲವಾಗಿದ್ದರೂ ಬೆಳೆಯಬಲ್ಲದು. ಆದ್ದರಿಂದ ಮುಂಜಾಗ್ರತೆಯಾಗಿ ಬಸುರಿಯರಿಗೆ ಅದನ್ನು ಕೊಡುವುದಿಲ್ಲ. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಕೋವ್ಯಾಕ್ಸಿನ್‌ನಲ್ಲಿರುವುದು ಸತ್ತ ಕೊರೊನಾ ವೈರಾಣು. ಬೇಯಿಸಿದ ಹೆಸರುಕಾಳು ಹೇಗೆ ಮೊಳಕೆಯೊಡೆಯದೋ ಹಾಗೆ ಅದು ದೇಹದಲ್ಲಿ ಬೆಳೆಯಲಾರದು. ಪುಣೆಯ ಸೀರಂ ಸಂಸ್ಥೆಯ ಕೋವಿಶೀಲ್ಡ್‌ನಲ್ಲಿ ಇರುವುದು ಚಿಂಪಾಂಜಿಯ ನೆಗಡಿ ವೈರಾಣು. ಸಂತಾನ ಬೆಳೆಸುವ ಶಕ್ತಿಯನ್ನು ಕಿತ್ತುಹಾಕಿರುವುದರಿಂದ ಅದೂ ದೇಹದಲ್ಲಿ ಬೆಳೆಯಲಾರದು. ಕೊರೊನಾದ ಮುಳ್ಳಿನ ಭಾಗವನ್ನು ತಯಾರಿಸುವ ಸೂಚನೆಯನ್ನು ನಮ್ಮ ಜೀವಕೋಶಗಳಿಗೆ ತಲುಪಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅಮೆರಿಕದಲ್ಲಿ ಬಳಸಿದ ಎಂಆರ್‌ಎನ್‌ಎ ಲಸಿಕೆಯಲ್ಲಿ ವೈರಾಣುವೇ ಇಲ್ಲ. ಅದೇ ಸೂಚನೆಯನ್ನು ಕೊಬ್ಬಿನ ಸಣ್ಣ ಹನಿಗಳೊಳಗೆ ಸುತ್ತಿ ಕೊಡುತ್ತಾರೆ, ದೇಹ ಅದನ್ನು ಬೇಗನೆ ಒಡೆದು ಹಾಕುತ್ತದೆ. ಈ ಯಾವ ಲಸಿಕೆಯಿಂದಲೂ ತಾಯಿಗಾಗಲಿ ಮಗುವಿಗಾಗಲಿ ಕೋವಿಡ್ ಬರಲು ಸಾಧ್ಯವಿಲ್ಲ.

ಕಾಯಿಲೆಯ ಕಡೆಯ ಲೆಕ್ಕ

ಕೋವಿಡ್ ಬಂದ ಗರ್ಭಿಣಿಯರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಸೇರದೆಯೇ ಗುಣವಾದರು. ನಮ್ಮ ಸರ್ಕಾರದ ಮಾರ್ಗಸೂಚಿಯೇ ಶೇ 90ಕ್ಕೂ ಹೆಚ್ಚು ಮಂದಿ ಹೀಗೆ ಚೇತರಿಸಿಕೊಳ್ಳುತ್ತಾರೆ ಎಂದಿತ್ತು. ಆದರೆ ಉಳಿದ ಕೆಲವರಲ್ಲಿ ಸ್ಥಿತಿ ಬಹುಬೇಗ ಕೆಡುತ್ತಿತ್ತು. ಅದಕ್ಕೆ ದೇಹದಲ್ಲೇ ಕಾರಣವಿದೆ. ಗರ್ಭ ಬೆಳೆದಂತೆ ಗರ್ಭಕೋಶ ಹೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶದ ಕೆಳಗಿನ ಪರದೆಯಂಥ ಸ್ನಾಯು, ಅಂದರೆ ವಪೆ, ಮೇಲೆ ಸರಿಯುತ್ತದೆ. ಉಸಿರಿಗೆ ಜಾಗ ಕಡಿಮೆಯಾಗುವ ಹೊತ್ತಿಗೇ ಇಬ್ಬರ ಪಾಲಿನ ಆಮ್ಲಜನಕ ಬೇಕಾಗುತ್ತದೆ. ಜೊತೆಗೆ, ಹೆರಿಗೆಯಲ್ಲಿ ರಕ್ತ ಹರಿದುಹೋಗದಿರಲಿ ಎಂದು ಪ್ರಕೃತಿಯೇ ಬಸುರಿಯ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿರುತ್ತದೆ. ಕೋವಿಡ್ ಕೂಡ ಶ್ವಾಸಕೋಶವನ್ನು ಕೆಡಿಸುವ, ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ. ಎರಡೂ ಒಂದೇ ಕಡೆ ಸೇರಿದರೆ ಕಷ್ಟ ಹೆಚ್ಚು.

ಅಮೆರಿಕದಲ್ಲಿ 2020ರಲ್ಲಿ ರೋಗಲಕ್ಷಣಗಳಿದ್ದ ಸುಮಾರು 4 ಲಕ್ಷ ಸೋಂಕಿತ ಮಹಿಳೆಯರನ್ನು ಹೋಲಿಸಿ ನೋಡಿದರು. ಗರ್ಭಿಣಿಯರಲ್ಲಿ ಪ್ರತಿ ಸಾವಿರಕ್ಕೆ 10.5 ಮಂದಿಗೆ ತೀವ್ರ ನಿಗಾ ಘಟಕ ಬೇಕಾಯಿತು, ಅದೇ ವಯೋಮಾನದ ಇತರ ಮಹಿಳೆಯರಲ್ಲಿ ಸಾವಿರಕ್ಕೆ 3.9 ಮಂದಿಗೆ. ವೆಂಟಿಲೇಟರ್, ಅಂದರೆ ಕೃತಕ ಉಸಿರಾಟದ ಯಂತ್ರ, ಬೇಕಾದವರು ಸಾವಿರಕ್ಕೆ 2.9 ಮತ್ತು 1.1. ಸಂಖ್ಯೆಗಳು ಸಣ್ಣವು, ಅವುಗಳ ನಡುವಿನ ಅಂತರ ಸಣ್ಣದಲ್ಲ. ಆಮೇಲೆ ಡೆಲ್ಟಾ ರೂಪಾಂತರಿ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್‌ನಲ್ಲಿ ತಿಳಿಸಿದ ಅಧ್ಯಯನವೊಂದರಲ್ಲಿ 1,530 ಸೋಂಕಿತ ಗರ್ಭಿಣಿಯರು ಮತ್ತು ಬಾಣಂತಿಯರಿದ್ದರು. ಅವರಲ್ಲಿ ಮೊದಲ ಅಲೆಯಲ್ಲಿ ಸತ್ತವರು ಶೇ 0.7, ಎರಡನೆಯ ಅಲೆಯಲ್ಲಿ ಶೇ 5.7. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದಾಗ ಇಂಥ ಪ್ರಮಾಣ ಊರಿನ ಒಟ್ಟು ಪರಿಸ್ಥಿತಿಗಿಂತ ಹೆಚ್ಚಾಗಿ ಕಾಣುತ್ತದೆ ಎಂಬುದನ್ನು ನೆನಪಿಡಬೇಕು. ಆದರೂ ಎರಡು ಅಲೆಗಳ ನಡುವಿನ ಏರಿಕೆಯನ್ನು ಕಡೆಗಣಿಸುವಂತಿಲ್ಲ. ನಮ್ಮ ದೇಶದ ಗರ್ಭಿಣಿಯರು ಎರಡನೆಯ ಅಲೆಯನ್ನು ಎದುರಿಸಿದ್ದು ಲಸಿಕೆಯ ಅವಕಾಶವಿಲ್ಲದೆ.

ಮಂಗಳೂರಿಗೆ ಈ ವಿಷಯದಲ್ಲಿ ಬೇರೆ ಊರುಗಳಿಗಿಂತ ತುಸು ಹೆಚ್ಚಿನ ಹೊಣೆಯಿತ್ತು. ದಕ್ಷಿಣ ಕನ್ನಡದ ಹಳ್ಳಿಗಳಿಂದ ಮಾತ್ರವಲ್ಲ, ಕಾಸರಗೋಡು, ಉಡುಪಿ, ಕೊಡಗುಗಳಿಂದಲೂ ತೊಡಕಿನ ಹೆರಿಗೆಗಳು ಇಲ್ಲಿಗೆ ಬರುತ್ತವೆ. 2020ರಲ್ಲಿ ವೆನ್ಲಾಕ್ ಆಸ್ಪತ್ರೆಯನ್ನು ಕೋವಿಡ್ ಚಿಕಿತ್ಸೆಗೆ ಮೀಸಲಿಟ್ಟರು. ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಅತ್ತ ಉಳಿಯಬೇಕಾಯಿತು. ಆ ವರ್ಷದ ಮೇ 12ರಂದು ವಿದೇಶದಲ್ಲಿ ಸಿಲುಕಿದವರನ್ನು ಕರೆತರಲು ದುಬೈಯಿಂದ ಇಲ್ಲಿಗೆ ಬಂದ ಮೊದಲ ವಂದೇ ಭಾರತ್ ವಿಮಾನದಲ್ಲಿ ಗರ್ಭಿಣಿಯರೂ ಇದ್ದರು. ಹೆರಿಗೆಗೆ ತವರಿಗೆ ಬರುವ ನಮ್ಮ ರೂಢಿಯಿಂದಾಗಿ ಗರ್ಭಿಣಿಯರ ಓಡಾಟ ಸಾಂಕ್ರಾಮಿಕದ ನಡುವೆಯೂ ನಿಲ್ಲುವುದಿಲ್ಲ. ಸೋಂಕು ತಗಲುವ ಸಂಭವವನ್ನು ಅಂದಾಜಿಸುವಾಗ ಈ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲಸಿಕೆಯ ಕಡೆಯ ಲೆಕ್ಕ

ಲಸಿಕೆಯ ಬಗ್ಗೆ ಇದ್ದ ಭಯಗಳಲ್ಲಿ ದೊಡ್ಡದು ಗರ್ಭಪಾತದ್ದು. ‘ಪಕ್ಕದ ಮನೆಯವಳು ಹಾಕಿಸಿಕೊಂಡಳು, ವಾರದೊಳಗೆ ಗರ್ಭ ನಿಲ್ಲಲಿಲ್ಲ’ ಎಂಬ ಮಾತನ್ನು ಕೇಳಿದವರಿಗೆ ಅಂಕಿಅಂಶ ಸಮಾಧಾನ ಕೊಡುವುದಿಲ್ಲ. ಆದರೆ ಇಲ್ಲಿ ಒಂದು ಸರಳ ಲೆಕ್ಕವಿದೆ. ಗರ್ಭ ನಿಂತಿದೆ ಎಂದು ತಿಳಿದ ಮೇಲೂ ನೂರರಲ್ಲಿ 10ರಿಂದ 20 ಗರ್ಭಗಳು ಯಾವ ಲಸಿಕೆಯ ಹಂಗೂ ಇಲ್ಲದೆ ತಾವಾಗಿಯೇ ಇಳಿದುಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳೊಳಗೆ. ಸಾವಿರ ಗರ್ಭಿಣಿಯರಲ್ಲಿ ನೂರು ಮಂದಿಗೆ ಹತ್ತು ವಾರಗಳ ಅವಧಿಯಲ್ಲಿ ಹೀಗಾಗುತ್ತದೆ ಎಂದುಕೊಳ್ಳೋಣ. ಅಂದರೆ ವಾರಕ್ಕೆ ಸರಾಸರಿ ಹತ್ತು ಮಂದಿ. ಆ ಸಾವಿರ ಮಂದಿಗೂ ಒಂದು ಸೋಮವಾರ ಬರೀ ಉಪ್ಪುನೀರು ಚುಚ್ಚಿದರೂ ಮುಂದಿನ ಸೋಮವಾರದೊಳಗೆ ಹತ್ತು ಮಂದಿಯ ಗರ್ಭ ಹೋಗಿರುತ್ತದೆ. ಹತ್ತೂ ಮನೆಗಳಲ್ಲಿ ದೂರು ಆ ಸೂಜಿಯ ಮೇಲೆಯೇ ಬರುತ್ತದೆ.

ಹಾಗಾದರೆ ಲಸಿಕೆಯ ಪಾತ್ರ ಇದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಗರ್ಭಪಾತವಾದವರನ್ನು ಮಾತ್ರ ನೋಡಿದರೆ ಸಾಲದು. ಲಸಿಕೆ ಪಡೆದವರಲ್ಲಿ ಮತ್ತು ಪಡೆಯದವರಲ್ಲಿ ಗರ್ಭಪಾತದ ಪ್ರಮಾಣವನ್ನು ಜೊತೆಗಿಟ್ಟು ನೋಡಬೇಕು. 2021ರಲ್ಲೇ ಅಮೆರಿಕದಲ್ಲೂ ನಾರ್ವೆಯಲ್ಲೂ ಈ ಹೋಲಿಕೆ ನಡೆಯಿತು. ಲಸಿಕೆಯಿಂದ ಗರ್ಭಪಾತ ಹೆಚ್ಚಿದ್ದು ಕಾಣಲಿಲ್ಲ. ಇವು ಹೆಚ್ಚಾಗಿ ಎಂಆರ್‌ಎನ್‌ಎ ಲಸಿಕೆಗಳ ಅಧ್ಯಯನಗಳು, ನಮ್ಮಲ್ಲಿ ಬಳಸಿದ್ದು ಬೇರೆ ಲಸಿಕೆಗಳನ್ನು ಎಂಬ ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳಿಬಿಡಬೇಕು. ವೈರಾಣುವಿನ ಮುಳ್ಳು ಮಾಸು ಅಥವಾ ಕಸದಲ್ಲಿರುವ ಒಂದು ಪ್ರೋಟೀನನ್ನು ಹೋಲುತ್ತದೆ, ಆದ್ದರಿಂದ ಲಸಿಕೆ ಬಂಜೆತನ ತರುತ್ತದೆ ಎಂಬ ವದಂತಿಯೂ ವಾಟ್ಸ್ಆ್ಯಪಿನಲ್ಲಿ ಹರಿದಾಡಿತು. ಆ ಎರಡು ಪ್ರೋಟೀನುಗಳ ನಡುವೆ ಅಂಥ ಹೋಲಿಕೆಯೇ ಇಲ್ಲ. ಅಲ್ಲದೆ, ಆ ವಾದ ನಿಜವಾಗಿದ್ದರೆ ಕೋವಿಡ್ ಬಂದುಹೋದ ಹೆಂಗಸರೂ ಬಂಜೆಯರಾಗಬೇಕಿತ್ತು.

ಎರಡನೆಯದು ರಕ್ತ ಹೆಪ್ಪುಗಟ್ಟುವ ತೊಂದರೆ. ಇದು ವದಂತಿಯಲ್ಲ, ನಿಜ. ಕೋವಿಶೀಲ್ಡ್ ಮಾದರಿಯ ಲಸಿಕೆ ಪಡೆದ ಅತಿ ಕೆಲವರಲ್ಲಿ, ದೇಹದ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ರಕ್ತದ ಪ್ಲೇಟ್‌ಲೆಟ್‌ ಕಣಗಳನ್ನು ಕೆರಳಿಸಿ ಹೆಪ್ಪುಗಟ್ಟಿಸುತ್ತವೆ. ಬ್ರಿಟನ್ನಿನಲ್ಲಿ 50 ವರ್ಷದೊಳಗಿನವರಲ್ಲಿ ಮೊದಲ ಡೋಸಿನ ನಂತರ ಸುಮಾರು 50 ಸಾವಿರಕ್ಕೆ ಒಬ್ಬರಲ್ಲಿ ಇದು ಕಂಡಿತು. ಅಲ್ಲಿ ಗರ್ಭಿಣಿಯರಿಗೆ ಎಂಆರ್‌ಎನ್‌ಎ ಲಸಿಕೆಯೇ ಉತ್ತಮ ಎಂದರು. ಭಾರತದಲ್ಲಿ 2021ರ ಮೇ ತಿಂಗಳಲ್ಲಿ ಸರ್ಕಾರ ಪ್ರಕಟಿಸಿದ ಪ್ರಮಾಣ ಹತ್ತು ಲಕ್ಷ ಡೋಸಿಗೆ 0.61. ಇಲ್ಲಿ ಎಲ್ಲ ಪ್ರಕರಣಗಳೂ ವರದಿಯಾಗುವುದಿಲ್ಲ ಎಂದು ಹಿಡಿದರೂ ಇದು ಬಹಳ ಅಪರೂಪದ ತೊಂದರೆಯೇ. ಇದು ಕಾಣಿಸಿಕೊಳ್ಳುತ್ತಿದ್ದದ್ದು ಲಸಿಕೆಯ ನಂತರದ ಕೆಲವು ವಾರಗಳಲ್ಲಿ. 20 ದಿನಗಳೊಳಗೆ ಉಸಿರಾಟದ ತೊಂದರೆ, ಎದೆನೋವು, ಬಿಡದ ತಲೆನೋವು, ಕಾಲಿನ ಬಾವು ಕಾಣಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಿ ಎಂದು ಸರ್ಕಾರದ ಮಾರ್ಗಸೂಚಿಯೂ ಹೇಳಿತ್ತು. 2021ರಲ್ಲಿ ಲಸಿಕೆ ಪಡೆದು ಆರೋಗ್ಯವಾಗಿರುವವರು 2024ರ ಸುದ್ದಿ ಓದಿ ಈಗ ಹೆದರಬೇಕಾದ ಕಾರಣವಿಲ್ಲ.

ಮಗುವಿನ ಪಾಲು

ತಾಯಿಯ ದೇಹ ಲಸಿಕೆಗೆ ಪ್ರತಿಯಾಗಿ ತಯಾರಿಸುವ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ರಕ್ತ ಸೇರುತ್ತವೆ. ಎದೆಹಾಲಿನಲ್ಲೂ ಇರುತ್ತವೆ. ಆರು ತಿಂಗಳು ತುಂಬದ ಕೂಸಿಗೆ ಕೊಡಬಹುದಾದ ಕೋವಿಡ್ ಲಸಿಕೆ ಯಾವುದೂ ಇಲ್ಲ. ಆದ್ದರಿಂದ ತಾಯಿಯಿಂದ ಬಂದದ್ದೇ ಅದಕ್ಕಿರುವ ರಕ್ಷಣೆ. ಗರ್ಭಿಣಿಯಾಗಿದ್ದಾಗ ತಾಯಿ ಎಂಆರ್‌ಎನ್‌ಎ ಲಸಿಕೆಯ ಎರಡು ಡೋಸ್ ಪಡೆದಿದ್ದರೆ, ಆರು ತಿಂಗಳೊಳಗಿನ ಕೂಸು ಕೋವಿಡ್‌ನಿಂದ ಆಸ್ಪತ್ರೆ ಸೇರುವ ಸಂಭವ ಶೇ 61ರಷ್ಟು ಕಡಿಮೆಯಾಗುತ್ತದೆ ಎಂದು 2022ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು.

ತಾಯಂದಿರ ಮಟ್ಟಿಗೆ ಸ್ಕಾಟ್ಲೆಂಡಿನ ಅನುಭವವೂ ಗಮನಿಸಬೇಕಾದದ್ದು. ಅಲ್ಲಿ 2020ರ ಡಿಸೆಂಬರ್‌ನಿಂದ 2021ರ ಅಕ್ಟೋಬರ್‌ವರೆಗಿನ ಇಡೀ ದೇಶದ ದಾಖಲೆಗಳನ್ನು ಪರಿಶೀಲಿಸಿದರು. ಕೋವಿಡ್‌ನಿಂದ ತೀವ್ರ ನಿಗಾ ಘಟಕಕ್ಕೆ ಸೇರಿದ ಗರ್ಭಿಣಿಯರಲ್ಲಿ ಶೇ 98 ಮಂದಿ ಲಸಿಕೆ ಪಡೆಯದವರು. ಸೋಂಕಿತ ಗರ್ಭಿಣಿಯರಲ್ಲಿ ಲಸಿಕೆ ಪಡೆಯದವರೇ ಹೆಚ್ಚು, ಸುಮಾರು ಶೇ 77, ಇದ್ದರು ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಈ ಅಂತರ ಉಳಿಯುತ್ತದೆ.

ಈಗಿನ ಸ್ಥಿತಿ

ಇಲ್ಲಿಯವರೆಗೆ ನೋಡಿದ್ದು 2021ರ ಲೆಕ್ಕ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿಯನ್ನು ಕೊನೆಗೊಳಿಸಿತು. ಈಗ ಹರಡುತ್ತಿರುವುದು ಓಮೈಕ್ರಾನ್ ವಂಶದ ರೂಪಾಂತರಿಗಳು. ಬಹುತೇಕ ಎಲ್ಲರಿಗೂ ಲಸಿಕೆಯಿಂದಲೋ ಸೋಂಕಿನಿಂದಲೋ ಅಥವಾ ಎರಡರಿಂದಲೋ ಒಂದಿಷ್ಟು ಪ್ರತಿರೋಧ ಬಂದಿದೆ. ಆರೋಗ್ಯವಂತ ಗರ್ಭಿಣಿಗೆ ಕೋವಿಡ್ ಗಂಭೀರವಾಗುವ ಸಂಭವ ಡೆಲ್ಟಾ ಕಾಲಕ್ಕಿಂತ ಎಷ್ಟೋ ಕಡಿಮೆ.

ದೇಶಗಳು ಈಗ ಬೇರೆ ಬೇರೆ ಮಾತು ಹೇಳುತ್ತಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲೂ ಗರ್ಭಿಣಿಯರನ್ನು ಆದ್ಯತೆಯ ಗುಂಪಿನಲ್ಲಿ ಇಟ್ಟಿತು. ಬ್ರಿಟನ್ 2025ರ ಶರತ್ಕಾಲದ ಅಭಿಯಾನವನ್ನು 75 ದಾಟಿದವರು, ವೃದ್ಧಾಶ್ರಮದಲ್ಲಿರುವ ಹಿರಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಸೀಮಿತಗೊಳಿಸಿತು. ಅಲ್ಲಿ ಗರ್ಭಿಣಿಯರು ಪಟ್ಟಿಯಿಂದ ಬಿಟ್ಟುಹೋದದ್ದು ಲಸಿಕೆ ಕೆಟ್ಟದ್ದೆಂದು ಗೊತ್ತಾಗಿ ಅಲ್ಲ. ಕಾಯಿಲೆಯ ಅಪಾಯ ಇಳಿದಿರುವಾಗ ಎಲ್ಲರಿಗೂ ಕೊಡುವ ವೆಚ್ಚಕ್ಕೆ ತಕ್ಕ ಲಾಭವಿಲ್ಲ ಎಂಬ ಲೆಕ್ಕದಿಂದ. ಲಸಿಕೆ ಅದೇ ಇದ್ದರೂ ಕಾಯಿಲೆ ಬದಲಾದರೆ ಉತ್ತರ ಬದಲಾಗುತ್ತದೆ.

ಉತ್ತರ ಹೆಂಗಸಿನಿಂದ ಹೆಂಗಸಿಗೂ ಬದಲಾಗುತ್ತದೆ. 35 ದಾಟಿದವರು, ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ತೂಕ ಹೆಚ್ಚಿರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ವೈದ್ಯರೊಡನೆ ಇದನ್ನು ತಪ್ಪದೆ ಮಾತಾಡಬೇಕು. ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಈಗ ನಮ್ಮೂರಲ್ಲಿ ಸೋಂಕು ಎಷ್ಟಿದೆ? ನನ್ನ ಕೆಲಸ, ನನ್ನ ಪ್ರಯಾಣ ನನ್ನನ್ನು ಎಷ್ಟು ಜನರ ನಡುವೆ ನಿಲ್ಲಿಸುತ್ತದೆ? ನನಗೆ ಹಿಂದೆ ಎಷ್ಟು ಡೋಸ್ ಆಗಿದೆ, ಸೋಂಕು ಯಾವಾಗ ಬಂದಿತ್ತು? ಕೋವಿಡ್ ಬಂದರೆ ತೊಡಕಾಗುವಂಥ ಬೇರೆ ಕಾಯಿಲೆ ನನಗಿದೆಯೇ? ಇಲ್ಲಿ ಈಗ ಸಿಗುವ ಲಸಿಕೆ ಯಾವುದು, ಅದರ ಬಗ್ಗೆ ಗರ್ಭಿಣಿಯರ ಮಾಹಿತಿ ಎಷ್ಟಿದೆ? ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ಅದನ್ನೂ ಮೊದಲೇ ಹೇಳಬೇಕು. ಹಾಕಿಸಿಕೊಂಡ ಮೇಲೆ ಜ್ವರ ಬಂದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬೇಕು. ಮೊದಲ ತಿಂಗಳುಗಳಲ್ಲಿ ಏರುಜ್ವರವನ್ನು ಹಾಗೇ ಬಿಡುವುದು ಭ್ರೂಣಕ್ಕೆ ಒಳ್ಳೆಯದಲ್ಲ.

ಮಾತು ಯಾರದು?

ನಮ್ಮ ಮನೆಗಳಲ್ಲಿ ಬಸುರಿಯ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇರುತ್ತದೆ. ಬಪ್ಪಂಗಾಯಿ ಬೇಡ, ಅನಾನಸು ಬೇಡ, ಗ್ರಹಣದ ಹೊತ್ತಿಗೆ ಹೊರಗೆ ಬರಬೇಡ. ಇದರಲ್ಲಿ ಪ್ರೀತಿಯೂ ಕಾಳಜಿಯೂ ಇದೆ. ಆದರೆ ಈ ಬೇಡಗಳ ಸಾಲಿನಲ್ಲಿ ಲಸಿಕೆಯನ್ನೂ ಸೇರಿಸಿಬಿಟ್ಟರೆ ಒಂದು ಸಂಗತಿ ಮರೆಯಾಗುತ್ತದೆ. ಹಾಕಿಸಿಕೊಂಡು ಏನಾದರೂ ಆದರೆ ಅದು ನಾವು ಮಾಡಿದ್ದು ಎಂದು ಮನಸ್ಸು ಕೊರೆಯುತ್ತದೆ, ಹಾಕಿಸಿಕೊಳ್ಳದೆ ಕಾಯಿಲೆ ಬಂದರೆ ಅದು ವಿಧಿ ಎನಿಸುತ್ತದೆ. ಮನಸ್ಸು ಹೀಗೆ ಪಕ್ಷಪಾತ ಮಾಡುವುದು ಸಹಜ. ಆದರೆ ಬೇಡ ಎನ್ನುವುದೂ ಒಂದು ನಿರ್ಧಾರವೇ, ಅದಕ್ಕೂ ಅದರದೇ ಅಪಾಯ ಇದೆ. 2021ರ ಬೇಸಿಗೆಯಲ್ಲಿ ಆ ಅಪಾಯ ಲಸಿಕೆಯ ಅಪಾಯಕ್ಕಿಂತ ಬಹಳ ದೊಡ್ಡದಾಗಿತ್ತು.

ಇಷ್ಟನ್ನು ನೋಡಿದ ಮೇಲೆ ಎರಡು ಮಾತು ಹೇಳಬಹುದು. ಒಂದು, ಕೊನೆಯ ಮಾತು ಗರ್ಭಿಣಿಯದೇ ಆಗಿರಬೇಕು. ಗಂಡ, ಅತ್ತೆ, ಅಮ್ಮ, ಆಶಾ ಕಾರ್ಯಕರ್ತೆ, ವೈದ್ಯರು ಇವರೆಲ್ಲರ ಕೆಲಸ ಅವಳ ಮುಂದೆ ಎರಡೂ ಕಡೆಯ ಲೆಕ್ಕವನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಇಡುವುದು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಎಲ್ಲವೂ ಕೇಳಿಸುವ ಮಂಗಳೂರಿನ ಆಸ್ಪತ್ರೆಗಳಲ್ಲಿ ಒಂದೇ ಭಾಷೆಯ ಕರಪತ್ರದಿಂದ ಈ ಕೆಲಸ ಆಗದು. ಎರಡು, ಮುಂದಿನ ಸಾಂಕ್ರಾಮಿಕ ಬಂದಾಗ ಗರ್ಭಿಣಿಯರನ್ನು ಪ್ರಯೋಗದಿಂದ ಹೊರಗಿಟ್ಟು ಕಾಯಿಸಬಾರದು. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು, ಇತರ ವಯಸ್ಕರಲ್ಲಿ ಸುರಕ್ಷಿತ ಎಂದು ಕಂಡ ಕೂಡಲೇ, ಒಪ್ಪಿ ಬರುವ ಗರ್ಭಿಣಿಯರನ್ನು ಹೆಚ್ಚಿನ ನಿಗಾದಲ್ಲಿ ಸೇರಿಸಿಕೊಳ್ಳಬೇಕು. ಥಾಲಿಡೊಮೈಡ್ ದುರಂತವಾದದ್ದು ಆ ಮಾತ್ರೆಯನ್ನು ಸರಿಯಾಗಿ ಪರೀಕ್ಷಿಸದೆ ಮಾರಿದ್ದರಿಂದ. ಪರೀಕ್ಷೆಯನ್ನೇ ಬಿಟ್ಟುಬಿಡುವುದು ಅದರಿಂದ ಕಲಿಯಬೇಕಾದ ಪಾಠವಲ್ಲ.